ಗುಪ್ತಪದ ಮತ್ತು ಗಣಕಯಂತ್ರದ ರಕ್ಷಣೆ: ಒಂದು ವಿವೇಚನೆ

ವಿದ್ಯಾಸಂಸ್ಥೆಯೊಂದರ ಆಸ್ತಿ ಅದರ ಕಟ್ಟಡಗಳಲ್ಲಿ ಎಷ್ಟಿದೆಯೋ ಅದರ ದಾಖಲೆಗಳಲ್ಲಿಯೂ ಅಷ್ಟೇ ಇದೆ. ಪ್ರವೇಶ ಪುಸ್ತಕ, ಹಾಜರಿ ಪುಸ್ತಕ, ಅಂಕಗಳ ವಹಿ, ಪ್ರಸಾದ ನಿಲಯದ ಲೆಕ್ಕ, ದಾನಿಗಳಿಗೆ ಕೊಟ್ಟ ರಸೀದಿಗಳ ಪ್ರತಿ ಇವೆಲ್ಲವೂ ಒಂದು ಕಾಲಕ್ಕೆ ಕಚೇರಿಯ ಬೀರುವಿನಲ್ಲಿ ಭದ್ರವಾಗಿರುತ್ತಿದ್ದವು. ಬೀರುವಿಗೆ ಬೀಗ, ಬೀಗದ ಕೀಲಿಕೈ ಮುಖ್ಯೋಪಾಧ್ಯಾಯರಲ್ಲಿ ಇಲ್ಲವೆ ಹಿರಿಯ ಗುಮಾಸ್ತರಲ್ಲಿ. ಬೀರುವನ್ನು ಹೊತ್ತೊಯ್ಯುವುದು ಯಾರಿಂದಲೂ ಸುಲಭವಾಗಿ ಆಗುವ ಕೆಲಸವಾಗಿರಲಿಲ್ಲ. ಇಂದು ಅದೇ ದಾಖಲೆಗಳೆಲ್ಲ ಎರಡು ಕಿಲೋಗ್ರಾಮಿಗಿಂತಲೂ ಹಗುರವಾದ ಒಂದು ಲ್ಯಾಪ್‌ಟಾಪಿನಲ್ಲಿ ಅಡಗಿ ಕುಳಿತಿವೆ. ಅದನ್ನು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯಬಹುದು, ಬಸ್ಸಿನಲ್ಲಿ ಮರೆಯಬಹುದು, ದುರಸ್ತಿಯ ಅಂಗಡಿಯಲ್ಲಿ ವಾರಗಟ್ಟಲೆ ಬಿಡಬಹುದು. ಅದರೊಡನೆ ನೂರಾರು ಮಕ್ಕಳ ಜನ್ಮದಿನಾಂಕ, ತಂದೆತಾಯಿಗಳ ಆಧಾರ್ ಸಂಖ್ಯೆ, ವಿದ್ಯಾರ್ಥಿವೇತನ ಜಮೆಯಾಗುವ ಬ್ಯಾಂಕ್ ಖಾತೆಯ ವಿವರ, ದಾನಿಗಳ ಪ್ಯಾನ್ ಸಂಖ್ಯೆ ಎಲ್ಲವೂ ಪಯಣಿಸುತ್ತವೆ.

ಈ ಸಂಪತ್ತನ್ನು ಕಾಯುವ ಸಾಧನವಾಗಿ ಸರ್ವತ್ರ ಬಳಕೆಯಲ್ಲಿರುವುದು ಪಾಸ್‌ವರ್ಡ್, ಅಂದರೆ ಗುಪ್ತಪದ. ಯಂತ್ರವನ್ನು ಚಾಲೂ ಮಾಡಿದೊಡನೆ ಅದು ಗುಪ್ತಪದವನ್ನು ಕೇಳುತ್ತದೆ. ಕೇಳುತ್ತದೆಯಾದ್ದರಿಂದ ಒಳಗಿರುವುದೆಲ್ಲ ಭದ್ರವಾಗಿದೆಯೆಂದು ಬಹುಜನರ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ಸತ್ಯ. ಗುಪ್ತಪದವು ಕೆಲವೊಮ್ಮೆ ಬಾಗಿಲನ್ನು ಮಾತ್ರ ಕಾಯುತ್ತದೆ. ಕೆಲವೊಮ್ಮೆ ಪೆಟ್ಟಿಗೆಯನ್ನೇ ಕಾಯುತ್ತದೆ. ಇವೆರಡರ ನಡುವಣ ಅಂತರವನ್ನು ಅರಿತವನೇ ತನ್ನ ಯಂತ್ರವನ್ನೂ ಅದರೊಳಗಿನ ಮಾಹಿತಿಯನ್ನೂ ನಿಜವಾಗಿ ರಕ್ಷಿಸಬಲ್ಲನು. ಆ ಅಂತರವೇನು, ಗುಪ್ತಪದ ಎಂಥದ್ದಿರಬೇಕು, ಅದು ಮರೆತುಹೋದರೆ ಗತಿಯೇನು ಎಂಬ ಮೂರು ಪ್ರಶ್ನೆಗಳೇ ಪ್ರಸ್ತುತ ಲೇಖನದ ವಸ್ತು.

ಗುಪ್ತಪದದ ಉಗಮ

ಗಣಕಯಂತ್ರದಲ್ಲಿ ಗುಪ್ತಪದದ ಬಳಕೆ ಆರಂಭವಾದುದು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಫರ್ನಾಂಡೊ ಕೊರ್ಬಟೊ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಸಿದ್ಧವಾದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯ ಪ್ರಾತ್ಯಕ್ಷಿಕೆ 1961ರಲ್ಲಿ ನಡೆಯಿತು. ಒಂದೇ ದೊಡ್ಡ ಗಣಕಯಂತ್ರವನ್ನು ಅನೇಕರು ತಮ್ಮ ತಮ್ಮ ಮೇಜಿನಿಂದ ಏಕಕಾಲಕ್ಕೆ ಬಳಸುವುದು ಈ ವ್ಯವಸ್ಥೆಯ ಉದ್ದೇಶ. ಯಂತ್ರ ಒಂದೇ ಆದರೂ ಒಬ್ಬೊಬ್ಬರ ಕಡತಗಳು ಬೇರೆ ಬೇರೆ. ಒಬ್ಬರದನ್ನು ಇನ್ನೊಬ್ಬರು ತೆರೆಯದಂತೆ ಮಾಡಲು ಪ್ರತಿಯೊಬ್ಬರಿಗೂ ಒಂದೊಂದು ಗುಪ್ತಪದವನ್ನು ಕೊಡಲಾಯಿತು.

ಉಪಾಯ ಸರಳವಾಗಿತ್ತು, ಅದರ ದೌರ್ಬಲ್ಯವೂ ಅಷ್ಟೇ ಬೇಗ ಪ್ರಕಟವಾಯಿತು. ಎಲ್ಲರ ಗುಪ್ತಪದಗಳನ್ನೂ ಯಂತ್ರದೊಳಗೆ ಒಂದು ಕಡತದಲ್ಲಿ, ಇದ್ದುದು ಇದ್ದಂತೆಯೇ ಬರೆದಿಡಲಾಗಿತ್ತು. 1962ರಲ್ಲಿ ಅಲನ್ ಷೆರ್ ಎಂಬ ಸಂಶೋಧನ ವಿದ್ಯಾರ್ಥಿ ತನಗೆ ಗೊತ್ತುಪಡಿಸಿದ್ದ ಯಂತ್ರದ ಅವಧಿ ಸಾಲದೆ, ಆ ಕಡತವನ್ನೇ ಮುದ್ರಿಸಿಕೊಡುವಂತೆ ರಂಧ್ರಪತ್ರದ ಮೂಲಕ ಯಂತ್ರಕ್ಕೆ ಆಜ್ಞೆ ಸಲ್ಲಿಸಿದನು. ಯಂತ್ರ ಮುದ್ರಿಸಿಕೊಟ್ಟಿತು! ಈ ಸಂಗತಿಯನ್ನು ಆತನೇ ಎಷ್ಟೋ ವರ್ಷಗಳ ತರುವಾಯ ಒಪ್ಪಿಕೊಂಡನು. 1966ರಲ್ಲಿ ಇನ್ನೂ ವಿಚಿತ್ರವಾದ ಪ್ರಸಂಗ ನಡೆಯಿತು. ದಿನದ ಪ್ರಕಟಣೆಯನ್ನು ಇಡುವ ಕಡತಕ್ಕೂ ಗುಪ್ತಪದಗಳ ಕಡತಕ್ಕೂ ಅದಲುಬದಲಾಗಿ, ಯಂತ್ರವನ್ನು ಪ್ರವೇಶಿಸಿದ ಪ್ರತಿಯೊಬ್ಬರ ಮುಂದೆಯೂ ಎಲ್ಲರ ಗುಪ್ತಪದಗಳ ಪಟ್ಟಿ ಪ್ರತ್ಯಕ್ಷವಾಯಿತು.

ಈ ಎರಡು ಪ್ರಸಂಗಗಳಿಂದ ದೊರೆತ ಪಾಠ ಒಂದೇ: ಕಾವಲುಗಾರನ ಜೇಬಿನಲ್ಲಿಯೇ ಎಲ್ಲ ಕೀಲಿಕೈಗಳಿದ್ದರೆ, ಕಳ್ಳನಿಗೆ ಬೀಗ ಒಡೆಯುವ ಅವಶ್ಯಕತೆಯಿಲ್ಲ, ಕಾವಲುಗಾರನನ್ನು ಮರುಳುಗೊಳಿಸಿದರೆ ಸಾಕು.

ಗುಪ್ತಪದವನ್ನು ಬಚ್ಚಿಡುವ ವಿದ್ಯೆ

ಹಾಗಾದರೆ ಗುಪ್ತಪದವನ್ನು ತನ್ನಲ್ಲಿ ಇಟ್ಟುಕೊಳ್ಳದೆಯೇ ಯಂತ್ರವು ಅದನ್ನು ಗುರುತಿಸುವುದು ಹೇಗೆ? ಇದಕ್ಕೆ ಉತ್ತರವನ್ನು ಕೊಟ್ಟವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ರೋಜರ್ ನೀಡಮ್. ಕಾಳನ್ನು ಬೀಸಿ ಹಿಟ್ಟು ಮಾಡಬಹುದು; ಹಿಟ್ಟಿನಿಂದ ಮತ್ತೆ ಕಾಳನ್ನು ಮಾಡಲಾಗದು. ಇಂಥ ಒಮ್ಮುಖವಾದ ಗಣಿತಕ್ರಿಯೆಗಳುಂಟು. ಗುಪ್ತಪದವನ್ನು ಆ ಕ್ರಿಯೆಗೆ ಒಳಪಡಿಸಿ ಬಂದ ಫಲವನ್ನು ಮಾತ್ರ ಯಂತ್ರ ಇಟ್ಟುಕೊಳ್ಳುತ್ತದೆ. ಮುಂದೆ ಬಳಕೆದಾರ ಗುಪ್ತಪದವನ್ನು ಒತ್ತಿದಾಗ ಅದನ್ನೂ ಅದೇ ರೀತಿ ಬೀಸಿ, ಎರಡು ಹಿಟ್ಟುಗಳನ್ನು ಹೋಲಿಸಿ ನೋಡುತ್ತದೆ. ಹಿಟ್ಟಿನ ಕಡತ ಕಳುವಾದರೂ ಕಾಳು ಮಾತ್ರ ಕಳ್ಳನ ಕೈಸೇರುವುದಿಲ್ಲ. ಮಾರಿಸ್ ವಿಲ್ಕ್ಸ್ ಅವರು 1968ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕ್ರಮದ ವಿವರಣೆಯಿದೆ.

ಆದರೆ ಕಳ್ಳನಿಗೆ ಇನ್ನೊಂದು ದಾರಿ ಉಳಿದೇ ಇತ್ತು: ಊಹೆ. ಸಾಮಾನ್ಯವಾಗಿ ಜನರು ಬಳಸುವ ಪದಗಳನ್ನು ಒಂದೊಂದಾಗಿ ತಾನೇ ಬೀಸಿ, ಕದ್ದ ಹಿಟ್ಟಿನೊಡನೆ ಹೋಲಿಸುತ್ತ ಹೋಗುವುದು. ಯುನಿಕ್ಸ್ ವ್ಯವಸ್ಥೆಯನ್ನು ಬೆಳೆಸಿದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಅಪಾಯವನ್ನು ಅಂಕಿ ಅಂಶಗಳೊಡನೆ ತೋರಿಸಿದರು. ಅವರು ಸಂಗ್ರಹಿಸಿದ 3,289 ಗುಪ್ತಪದಗಳಲ್ಲಿ 2,831, ಅಂದರೆ ಶೇಕಡ 86ರಷ್ಟು, ತೀರ ಚಿಕ್ಕವಾಗಿದ್ದವು ಇಲ್ಲವೆ ನಿಘಂಟು, ಹೆಸರಿನ ಪಟ್ಟಿ ಮುಂತಾದವುಗಳಲ್ಲಿ ಸುಲಭವಾಗಿ ಸಿಗುವಂಥವಾಗಿದ್ದವು. 15 ಜನರಂತೂ ಒಂದೇ ಒಂದು ಅಕ್ಷರವನ್ನು ಗುಪ್ತಪದವಾಗಿ ಇಟ್ಟುಕೊಂಡಿದ್ದರು! ಇದಕ್ಕೆ ಪರಿಹಾರವಾಗಿ ಅವರು ಎರಡು ಉಪಾಯಗಳನ್ನು ಬಳಕೆಗೆ ತಂದರು. ಬೀಸುವ ಕ್ರಿಯೆಯನ್ನು ಬೇಕೆಂದೇ ನಿಧಾನಗೊಳಿಸುವುದು ಒಂದು. ಪ್ರತಿಯೊಬ್ಬರ ಗುಪ್ತಪದಕ್ಕೂ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸಿ ಬೀಸುವುದು ಇನ್ನೊಂದು. ಈ ಬೆರಕೆಗೆ ಅವರು ಇಟ್ಟ ಹೆಸರು ‘ಉಪ್ಪು’. ಉಪ್ಪು ಬೆರೆತ ಮೇಲೆ ಇಬ್ಬರ ಗುಪ್ತಪದ ಒಂದೇ ಆಗಿದ್ದರೂ ಹಿಟ್ಟು ಬೇರೆಯಾಗುತ್ತದೆ. ಕಳ್ಳನು ಒಬ್ಬೊಬ್ಬರಿಗಾಗಿಯೂ ಪ್ರತ್ಯೇಕವಾಗಿ ಶ್ರಮಪಡಬೇಕಾಗುತ್ತದೆ.

ವಿಧಿಯ ಆಟವೆಂಬಂತೆ, ಅದೇ ರಾಬರ್ಟ್ ಮಾರಿಸ್ ಅವರ ಮಗ ರಾಬರ್ಟ್ ಟಪ್ಪನ್ ಮಾರಿಸ್ 1988ರ ನವೆಂಬರ್ 2ರಂದು ಬಿಡುಗಡೆ ಮಾಡಿದ ‘ಹುಳು’ ಎಂಬ ತಂತ್ರಾಂಶವು ಸಾವಿರಾರು ಯಂತ್ರಗಳನ್ನು ಹೊಕ್ಕು ಸ್ತಬ್ಧಗೊಳಿಸಿತು. ಅದು ಬಳಸಿದ ಮಾರ್ಗಗಳಲ್ಲಿ ಗುಪ್ತಪದದ ಊಹೆಯೂ ಒಂದು. ಅದಕ್ಕಾಗಿ ಅದು ತನ್ನೊಡನೆ ಒಯ್ಯುತ್ತಿದ್ದುದು ಕೇವಲ 432 ಪದಗಳ ಒಂದು ಪಟ್ಟಿ. ತಂದೆ ಕೊಟ್ಟ ಎಚ್ಚರಿಕೆಯನ್ನು ಒಂಬತ್ತು ವರ್ಷಗಳಾದರೂ ಲೋಕ ಕಿವಿಗೆ ಹಾಕಿಕೊಂಡಿರಲಿಲ್ಲವೆಂಬುದನ್ನು ಮಗನ ಕೃತ್ಯ ಸಿದ್ಧಪಡಿಸಿತು.

ಬಾಗಿಲ ಬೀಗ ಮತ್ತು ಪೆಟ್ಟಿಗೆಯ ಬೀಗ

ಇದುವರೆಗೆ ಹೇಳಿದುದೆಲ್ಲ ಭದ್ರವಾದ ಕೊಠಡಿಯಲ್ಲಿ ಕುಳಿತ ದೊಡ್ಡ ಯಂತ್ರಗಳ ಮಾತು. ಅಲ್ಲಿ ಬಳಕೆದಾರ ಯಂತ್ರದ ಸಮೀಪಕ್ಕೇ ಬರುತ್ತಿರಲಿಲ್ಲ. ಆದ್ದರಿಂದ ಬಾಗಿಲನ್ನು ಕಾಯ್ದರೆ ಸಾಕಾಗುತ್ತಿತ್ತು. ಲ್ಯಾಪ್‌ಟಾಪಿನ ಸ್ಥಿತಿ ಹಾಗಲ್ಲ. ಇಲ್ಲಿ ಮನೆಯೇ ಕಳ್ಳನ ಕೈಸೇರುತ್ತದೆ.

ಯಂತ್ರವು ಆರಂಭದಲ್ಲಿ ಕೇಳುವ ಪ್ರವೇಶದ ಗುಪ್ತಪದವು ಕಾರ್ಯಾಚರಣ ವ್ಯವಸ್ಥೆ ನಿಲ್ಲಿಸಿದ ಕಾವಲುಗಾರ. ಆ ವ್ಯವಸ್ಥೆ ಎಚ್ಚರವಾಗಿದ್ದಾಗ ಮಾತ್ರ ಕಾವಲುಗಾರನೂ ಎಚ್ಚರ. ಕಳ್ಳನು ಲ್ಯಾಪ್‌ಟಾಪಿನ ಕೆಳಮೈಯ ತಿರುಪುಗಳನ್ನು ಬಿಚ್ಚಿ, ಮಾಹಿತಿಯನ್ನು ಹೊತ್ತ ಡಿಸ್ಕನ್ನು ಹೊರತೆಗೆದು ತನ್ನ ಯಂತ್ರಕ್ಕೆ ಜೋಡಿಸಿದರೆ, ಅಥವಾ ಪೆನ್ ಡ್ರೈವಿನಲ್ಲಿರುವ ಬೇರೊಂದು ಕಾರ್ಯಾಚರಣ ವ್ಯವಸ್ಥೆಯಿಂದ ಅದೇ ಯಂತ್ರವನ್ನು ಆರಂಭಿಸಿದರೆ, ಆ ಕಾವಲುಗಾರನಿಗೆ ಕೆಲಸವೇ ಇರುವುದಿಲ್ಲ. ಡಿಸ್ಕಿನಲ್ಲಿರುವ ಕಡತಗಳು ತೆರೆದ ಪುಸ್ತಕದಂತೆ ಓದಿಸಿಕೊಳ್ಳುತ್ತವೆ. ಯಂತ್ರದ ಮೂಲಸ್ತರದಲ್ಲಿ ಹಾಕುವ ಬಯೋಸ್ ಗುಪ್ತಪದವೂ ಸಾಮಾನ್ಯವಾಗಿ ಇಷ್ಟೇ: ಅದು ಯಂತ್ರ ಆರಂಭವಾಗುವುದನ್ನು ತಡೆಯುತ್ತದೆಯೇ ಹೊರತು ಕಳಚಿ ತೆಗೆದ ಡಿಸ್ಕನ್ನಲ್ಲ.

ಈ ಸೂಕ್ಷ್ಮ ಜಗತ್ತಿನ ಗಮನಕ್ಕೆ ಬಂದುದು ಒಂದು ದೊಡ್ಡ ಪೆಟ್ಟಿನಿಂದ. 2006ರ ಮೇ 3ರಂದು ಅಮೆರಿಕದ ನಿವೃತ್ತ ಸೈನಿಕರ ವ್ಯವಹಾರಗಳ ಇಲಾಖೆಯ ನೌಕರರೊಬ್ಬರ ಮನೆಯಲ್ಲಿ ಕಳವಾಯಿತು. ಹೋದುದು ಒಂದು ಲ್ಯಾಪ್‌ಟಾಪ್ ಮತ್ತು ಅದಕ್ಕೆ ಜೋಡಿಸುವ ಒಂದು ಡಿಸ್ಕ್. ಅವುಗಳಲ್ಲಿ ಸುಮಾರು 2 ಕೋಟಿ 65 ಲಕ್ಷ ಜನರ ಹೆಸರು, ಜನ್ಮದಿನಾಂಕ ಮತ್ತು ಸಾಮಾಜಿಕ ಭದ್ರತಾ ಸಂಖ್ಯೆಗಳಿದ್ದವು, ಯಾವುದೂ ಗೂಢಲಿಪಿಯಲ್ಲಿರಲಿಲ್ಲ. ಜೂನ್ ತಿಂಗಳ ಕೊನೆಗೆ ಆ ವಸ್ತುಗಳು ಮರಳಿ ಸಿಕ್ಕಿದವು. ಮಾಹಿತಿಯನ್ನು ಯಾರೂ ತೆರೆದಂತೆ ಕಾಣುವುದಿಲ್ಲವೆಂದು ತನಿಖೆ ಮಾಡಿದವರು ತಿಳಿಸಿದರು. ಕಳ್ಳನಿಗೆ ಬೇಕಾಗಿದ್ದುದು ಯಂತ್ರ, ಮಾಹಿತಿಯಲ್ಲ! ಆದರೂ ಅಷ್ಟು ದಿನಗಳ ಆತಂಕಕ್ಕೆ ಸರಕಾರ ಬೆಲೆ ತೆತ್ತಿತು. 2009ರಲ್ಲಿ 2 ಕೋಟಿ ಡಾಲರುಗಳ ಪರಿಹಾರಕ್ಕೆ ಇಲಾಖೆ ಒಪ್ಪಿಕೊಳ್ಳಬೇಕಾಯಿತು. ಕಳವಾದ ಎರಡು ತಿಂಗಳೊಳಗಾಗಿಯೇ, ಒಯ್ಯಬಹುದಾದ ಯಂತ್ರಗಳಲ್ಲಿನ ಸೂಕ್ಷ್ಮ ಮಾಹಿತಿಯನ್ನೆಲ್ಲ ಗೂಢಲಿಪಿಗೆ ಒಳಪಡಿಸಬೇಕೆಂದು ಅಮೆರಿಕದ ಸರಕಾರ ತನ್ನ ಇಲಾಖೆಗಳಿಗೆ ಸೂಚನೆ ಕೊಟ್ಟಿತು.

ಗೂಢಲಿಪೀಕರಣವೇ ಪೆಟ್ಟಿಗೆಯ ಬೀಗ. ಇಲ್ಲಿ ಡಿಸ್ಕಿನ ಮೇಲೆ ಬರೆಯಲ್ಪಡುವ ಪ್ರತಿಯೊಂದು ಅಕ್ಷರವೂ ಒಂದು ರಹಸ್ಯ ಸಂಖ್ಯೆಯ ನೆರವಿನಿಂದ ಅರ್ಥವಾಗದ ರೂಪಕ್ಕೆ ತಿರುಗುತ್ತದೆ. ಓದುವಾಗ ಅದೇ ಸಂಖ್ಯೆಯ ನೆರವಿನಿಂದ ಮೊದಲಿನ ರೂಪಕ್ಕೆ ಮರಳುತ್ತದೆ. ಈ ಕಾರ್ಯಕ್ಕೆ ಇಂದು ಬಹುಮಟ್ಟಿಗೆ ಬಳಕೆಯಲ್ಲಿರುವುದು ಎಇಎಸ್ ಎಂಬ ಕ್ರಮ. ಬೆಲ್ಜಿಯಂ ದೇಶದ ಜೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಎಂಬುವರು ರೂಪಿಸಿದ ಇದನ್ನು ಅಮೆರಿಕ 2001ರಲ್ಲಿ ತನ್ನ ಪ್ರಮಾಣವಾಗಿ ಅಂಗೀಕರಿಸಿತು. ಇದನ್ನು ಬಲಾತ್ಕಾರದಿಂದ ಭೇದಿಸುವ ಸಾಧ್ಯತೆ ಇಂದಿನ ಯಂತ್ರಗಳಿಗಿಲ್ಲ. ಹೀಗೆ ಬೀಗ ಹಾಕಿದ ಡಿಸ್ಕನ್ನು ಕಳ್ಳನು ಎಲ್ಲಿ ಜೋಡಿಸಿದರೂ ಅವನಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ ಮಾತ್ರ.

ಈ ಬೀಗಕ್ಕಾಗಿ ಹೊರಗೆಲ್ಲೂ ಹುಡುಕಬೇಕಾಗಿಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ, ವಿಸ್ಟಾ ಆವೃತ್ತಿಯಿಂದ ಮೊದಲುಗೊಂಡು, ಬಿಟ್‌ಲಾಕರ್ ಎಂಬ ಸೌಲಭ್ಯವು ವೃತ್ತಿ ಮತ್ತು ಶಿಕ್ಷಣದ ಬಳಕೆಗೆಂದು ಬರುವ ಆವೃತ್ತಿಗಳಲ್ಲಿ ದೊರೆಯುತ್ತದೆ. ಆಪಲ್ ಕಂಪನಿಯ ಯಂತ್ರಗಳಲ್ಲಿ ಫೈಲ್‌ವಾಲ್ಟ್ ಎಂಬುದು 2003ರಲ್ಲಿ ಬಂದು, 2011ರಿಂದ ಇಡೀ ಡಿಸ್ಕನ್ನು ಆವರಿಸುವಂತಾಯಿತು. ಲಿನಕ್ಸ್ ವ್ಯವಸ್ಥೆಯಲ್ಲಿ ಲಕ್ಸ್ ಎಂಬುದು ಇದೇ ಕೆಲಸವನ್ನು ಮಾಡುತ್ತದೆ. ಇತ್ತೀಚಿನ ಎಷ್ಟೋ ವಿಂಡೋಸ್ 11 ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ, ಒಡೆಯನ ಗಮನಕ್ಕೆ ಬಾರದೆಯೇ ಈ ಬೀಗ ಬಿದ್ದಿರುವುದೂ ಉಂಟು. ಆದ್ದರಿಂದ ಸಂಸ್ಥೆಯ ಪ್ರತಿಯೊಂದು ಲ್ಯಾಪ್‌ಟಾಪಿನಲ್ಲಿಯೂ ಬೀಗ ಬಿದ್ದಿದೆಯೇ, ಬಿದ್ದಿದ್ದರೆ ಅದರ ಕೀಲಿಕೈ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು.

ಪೆಟ್ಟಿಗೆಗೆ ಬೀಗ ಹಾಕಿದ ಮೇಲೆಯೂ ಒಂದು ಎಚ್ಚರಿಕೆ ಅವಶ್ಯ. ಯಂತ್ರ ಚಾಲನೆಯಲ್ಲಿರುವಾಗ ಆ ರಹಸ್ಯ ಸಂಖ್ಯೆ ಅದರ ತಾತ್ಕಾಲಿಕ ಸ್ಮೃತಿಯಲ್ಲಿರುತ್ತದೆ. ಮುಚ್ಚಳವನ್ನು ಮುಚ್ಚಿ ನಿದ್ರಾವಸ್ಥೆಯಲ್ಲಿಟ್ಟಾಗಲೂ ಅದು ಅಲ್ಲಿಯೇ ಉಳಿದಿರುತ್ತದೆ. ವಿದ್ಯುತ್ತು ನಿಂತ ಮೇಲೂ ಕೆಲವು ಕ್ಷಣ ಸ್ಮೃತಿ ಅಳಿಯುವುದಿಲ್ಲವೆಂದೂ, ತಂಪುಗೊಳಿಸಿದರೆ ಇನ್ನೂ ಹೆಚ್ಚು ಹೊತ್ತು ಉಳಿಯುವುದೆಂದೂ, ಅದರಿಂದ ರಹಸ್ಯ ಸಂಖ್ಯೆಯನ್ನು ತೆಗೆಯಬಹುದೆಂದೂ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಇಂಥ ವಿದ್ಯೆ ಸಾಮಾನ್ಯ ಕಳ್ಳನಿಗೆ ತಿಳಿದಿರಲಾರದು. ಆದರೂ ಪ್ರಯಾಣ ಹೊರಡುವ ಮುನ್ನ ಯಂತ್ರವನ್ನು ಪೂರ್ಣವಾಗಿ ನಿಲ್ಲಿಸುವುದೂ, ಮೇಜಿನಿಂದ ಏಳುವಾಗ ಪರದೆಗೆ ಬೀಗ ಹಾಕುವುದೂ ಒಳ್ಳೆಯ ಅಭ್ಯಾಸ.

ಇದೇ ವಿವೇಕವು ಬಿಡಿ ಕಡತಗಳಿಗೂ ಸಲ್ಲುತ್ತದೆ. ಅಂಕಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವ ಅಧ್ಯಾಪಕರು ‘ಹಾಳೆಯ ರಕ್ಷಣೆ’ ಎಂಬ ಸೌಲಭ್ಯವನ್ನು ಬಳಸಿ ನಿಶ್ಚಿಂತರಾಗುವುದುಂಟು. ಅದು ಅಂಕಿಗಳು ಕೈತಪ್ಪಿ ಬದಲಾಗದಂತೆ ತಡೆಯುವ ಬೇಲಿ ಮಾತ್ರ, ಗೂಢಲಿಪಿಯಲ್ಲ. ಕಡತವನ್ನು ತೆರೆಯುವುದಕ್ಕೇ ಗುಪ್ತಪದ ಕೇಳುವಂತೆ ಮಾಡುವ ಸೌಲಭ್ಯ ಬೇರೆಯೇ ಇದೆ; 2007ರ ಆವೃತ್ತಿಯಿಂದೀಚೆಗೆ ಅದು ಎಇಎಸ್ ಕ್ರಮವನ್ನೇ ಬಳಸುತ್ತದೆ. ಪ್ರಶ್ನೆಪತ್ರಿಕೆಯನ್ನು ಪೆನ್ ಡ್ರೈವಿನಲ್ಲಿ ಮುದ್ರಣಾಲಯಕ್ಕೆ ಕಳಿಸುವಾಗ ಬೇಕಾದುದು ಈ ಎರಡನೆಯದು.

ಗುಪ್ತಪದ ಎಂಥದ್ದಿರಬೇಕು?

ಪೆಟ್ಟಿಗೆಯ ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಕೀಲಿಕೈ ದುರ್ಬಲವಾಗಿದ್ದರೆ ಫಲವಿಲ್ಲ. 2009ರಲ್ಲಿ ರಾಕ್‌ಯು ಎಂಬ ಕಂಪನಿಯಿಂದ 3 ಕೋಟಿ 20 ಲಕ್ಷಕ್ಕೂ ಮಿಕ್ಕಿದ ಗುಪ್ತಪದಗಳು ಹೊರಬಿದ್ದವು. ಅರ್ಧ ಶತಮಾನದ ಹಿಂದಿನ ತಪ್ಪನ್ನೇ ಮಾಡಿ, ಅವುಗಳನ್ನು ಇದ್ದುದು ಇದ್ದಂತೆಯೇ ಇಡಲಾಗಿತ್ತು. ಅವುಗಳಲ್ಲಿ ಅತ್ಯಂತ ಹೆಚ್ಚು ಜನ ಆರಿಸಿಕೊಂಡಿದ್ದುದು ‘123456’. ಅಂದಿನಿಂದ ಇಂಥ ಪಟ್ಟಿಗಳೇ ಊಹಿಸುವವರ ಪಠ್ಯಪುಸ್ತಕಗಳಾಗಿವೆ.

ಊಹಿಸುವ ವೇಗವನ್ನು ಗಮನಿಸಿದರೆ ವಿಷಯದ ಗಂಭೀರತೆ ಮನದಟ್ಟಾಗುತ್ತದೆ. 2012ರಲ್ಲಿ ಜೆರೆಮಿ ಗಾಸ್ನಿ ಎಂಬ ತಜ್ಞರು 25 ಚಿತ್ರಸಂಸ್ಕಾರಕಗಳನ್ನು ಜೋಡಿಸಿದ ವ್ಯವಸ್ಥೆಯೊಂದನ್ನು ಪ್ರದರ್ಶಿಸಿದರು. ವಿಂಡೋಸ್ ಬಳಸುವ ಎನ್‌ಟಿಎಲ್‌ಎಂ ಎಂಬ ರೂಪದ ವಿರುದ್ಧ ಅದು ಸೆಕೆಂಡಿಗೆ 35,000 ಕೋಟಿ ಊಹೆಗಳನ್ನು ಮಾಡಬಲ್ಲುದಾಗಿತ್ತು. ಈ ವೇಗವನ್ನು ಅಳತೆಗೋಲಾಗಿ ಇಟ್ಟುಕೊಂಡು ಲೆಕ್ಕ ಹಾಕಬಹುದು. ಒಬ್ಬ ವ್ಯಕ್ತಿಯ ಜನ್ಮದಿನಾಂಕ ನೂರು ವರ್ಷಗಳ ಅವಧಿಯಲ್ಲಿ ಯಾವುದೇ ಆಗಿರಲಿ, ಒಟ್ಟು ಸಾಧ್ಯತೆಗಳು 36,525ರಷ್ಟು ಮಾತ್ರ. ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಗೆ ಹೆಚ್ಚೆಂದರೆ 1,000 ಕೋಟಿ. ಇಂಗ್ಲಿಷಿನ ಎಂಟು ಸಣ್ಣ ಅಕ್ಷರಗಳ ಪದಕ್ಕೆ ಸುಮಾರು 20,883 ಕೋಟಿ. ಈ ಮೂರೂ ಒಂದು ಸೆಕೆಂಡಿನೊಳಗೆ ಮುಗಿಯುತ್ತವೆ. ದೊಡ್ಡ ಅಕ್ಷರ, ಅಂಕಿ, ಚಿಹ್ನೆಗಳನ್ನೆಲ್ಲ ಸೇರಿಸಿದ ಎಂಟು ಅಕ್ಷರಗಳ ಗುಪ್ತಪದವೂ ಐದೂವರೆ ಗಂಟೆಗಳೊಳಗೆ ಶರಣಾಗುತ್ತದೆ.

ಹಾಗಾದರೆ ಉಪಾಯವೇನು? ಉತ್ತರ ‘ಉದ್ದ’ ಎಂಬುದು. ಚಿಹ್ನೆಗಳ ಗೋಜಲಿಗಿಂತ ಉದ್ದವೇ ಹೆಚ್ಚು ಬಲವನ್ನು ಕೊಡುತ್ತದೆ. ಅರ್ನಾಲ್ಡ್ ರೈನ್‌ಹೋಲ್ಡ್ ಅವರು 1995ರಲ್ಲಿ ಒಂದು ಸರಳ ವಿಧಾನವನ್ನು ಸೂಚಿಸಿದರು. ದಾಳವನ್ನು ಐದು ಬಾರಿ ಉರುಳಿಸಿದರೆ 7,776 ಬಗೆಯ ಫಲಗಳು ಬರುತ್ತವೆ. ಅಷ್ಟೇ ಸಂಖ್ಯೆಯ ಪದಗಳ ಪಟ್ಟಿಯಿಂದ, ದಾಳ ಹೇಳಿದ ಪದವನ್ನು ತೆಗೆದುಕೊಳ್ಳುವುದು. ಹೀಗೆ ಆರು ಪದಗಳನ್ನು ಸಾಲಾಗಿ ಜೋಡಿಸುವುದು. ಮೇಲೆ ಹೇಳಿದ ವೇಗದಲ್ಲಿಯೇ ಹೊರಟರೂ ಇಂಥ ಎಲ್ಲ ಸಾಲುಗಳನ್ನು ಪರೀಕ್ಷಿಸಲು ಸುಮಾರು 20,000 ವರ್ಷಗಳು ಬೇಕು. ಡಿಸ್ಕಿನ ಗೂಢಲಿಪಿಗೆ ಬೀಸುವ ಕ್ರಿಯೆಯನ್ನು ಬೇಕೆಂದೇ ನಿಧಾನಗೊಳಿಸಿರುವುದರಿಂದ ವಾಸ್ತವದಲ್ಲಿ ಇನ್ನೂ ಎಷ್ಟೋ ಪಟ್ಟು ಹೆಚ್ಚು ಕಾಲ ಹಿಡಿಯುತ್ತದೆ.

ಕನ್ನಡ ಬಲ್ಲವರಿಗೆ ಇದು ಸುಲಭಸಾಧ್ಯ. ಶಾಲೆಯ ಗ್ರಂಥಾಲಯದಲ್ಲಿರುವ ದಪ್ಪನೆಯ ಕನ್ನಡ ನಿಘಂಟಿನ ಪುಟಸಂಖ್ಯೆಯನ್ನು ದಾಳದಿಂದ ಇಲ್ಲವೆ ಚೀಟಿಯಿಂದ ಆರಿಸಿ ಪದಗಳನ್ನು ತೆಗೆಯಬಹುದು. ಒರಳು, ತಾವರೆ, ಚಕ್ಕಡಿ, ಮುಂಗಾರು, ಹರಳು, ಗವಾಕ್ಷಿ ಎಂಬಂತೆ ಪರಸ್ಪರ ಸಂಬಂಧವಿಲ್ಲದ ಆರು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಗುಪ್ತವಾಕ್ಯ ಸಿದ್ಧ. ಅಚ್ಚಾಗಿರುವುದರಿಂದ ಈ ಆರು ಪದಗಳನ್ನೇ ಬಳಸಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆಯ್ಕೆಯನ್ನು ದಾಳಕ್ಕೆ ಬಿಡುವುದು ಮುಖ್ಯ. ಮನುಷ್ಯನ ಮನಸ್ಸು ತನಗೆ ಪ್ರಿಯವಾದುದರ ಕಡೆಗೇ ಜಾರುತ್ತದೆ. ಮಠದ ಹೆಸರು, ಗುರುಗಳ ಹೆಸರು, ಶಾಲೆ ಸ್ಥಾಪನೆಯಾದ ವರ್ಷ, ಎಲ್ಲರಿಗೂ ಬಾಯಿಪಾಠವಾದ ವಚನದ ಮೊದಲ ಸಾಲು ಇವೆಲ್ಲ ಹೃದಯಕ್ಕೆ ಹತ್ತಿರವಾದವುಗಳೇ. ಆದರೆ ಹತ್ತಿರವಾದವೆಂದು ಲೋಕಕ್ಕೆಲ್ಲ ತಿಳಿದಿರುವುದರಿಂದಲೇ ಅವು ಗುಪ್ತಪದವಾಗಲು ಅರ್ಹವಲ್ಲ.

ಗುಪ್ತಪದವನ್ನು ತಿಂಗಳಿಗೊಮ್ಮೆ ಬದಲಿಸಬೇಕೆಂಬ ನಿಯಮ ಬಹುಕಾಲ ರೂಢಿಯಲ್ಲಿತ್ತು. ಅದರಿಂದ ಜನರು ಹಳೆಯ ಪದದ ಕೊನೆಗೆ ಒಂದು ಅಂಕಿಯನ್ನು ಏರಿಸುತ್ತ ಹೋದರೇ ಹೊರತು ರಕ್ಷಣೆ ಹೆಚ್ಚಲಿಲ್ಲ. ಅಮೆರಿಕದ ರಾಷ್ಟ್ರೀಯ ಪ್ರಮಾಣ ಮತ್ತು ತಂತ್ರಜ್ಞಾನ ಸಂಸ್ಥೆ 2017ರಲ್ಲಿ ತನ್ನ ಮಾರ್ಗಸೂಚಿಯನ್ನು ತಿದ್ದಿ, ಸೋರಿಕೆಯಾದ ಸುಳಿವಿಲ್ಲದಿದ್ದರೆ ಬದಲಾವಣೆಯನ್ನು ಬಲವಂತಪಡಿಸಬಾರದೆಂದು ಹೇಳಿತು. 2025ರ ಪರಿಷ್ಕೃತ ಆವೃತ್ತಿಯು, ಗುಪ್ತಪದವೊಂದನ್ನೇ ನೆಚ್ಚುವ ಕಡೆ ಅದು ಕನಿಷ್ಠ 15 ಅಕ್ಷರಗಳದ್ದಿರಬೇಕೆಂದು ವಿಧಿಸಿತು.

ಇಲ್ಲೊಂದು ಸಂದೇಹ ಹುಟ್ಟಬಹುದು. ಹೊಸ ಯಂತ್ರಗಳು ನಾಲ್ಕಾರು ಅಂಕಿಗಳ ಪಿನ್ನನ್ನೇ ಒಪ್ಪಿಕೊಳ್ಳುವುದು ಹೇಗೆ? ಅಂಥ ಯಂತ್ರಗಳಲ್ಲಿ ಟಿಪಿಎಂ ಎಂಬ ಪ್ರತ್ಯೇಕ ಚಿಪ್ ಇರುತ್ತದೆ. ರಹಸ್ಯ ಸಂಖ್ಯೆಯನ್ನು ಕಾಯುವ ಆ ಚಿಪ್, ತಪ್ಪು ಊಹೆಗಳನ್ನು ಎಣಿಸುತ್ತ, ಮಿತಿ ಮೀರಿದರೆ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ಬಲವಿರುವುದು ಚಿಪ್ಪಿನ ತಾಳ್ಮೆಯಲ್ಲಿ. ಆ ಚಿಪ್ ಇಲ್ಲದ ಹಳೆಯ ಯಂತ್ರಗಳಲ್ಲಿ ಉದ್ದವಾದ ಗುಪ್ತವಾಕ್ಯವೇ ಗತಿ.

ಮರೆವೆಂಬ ಇನ್ನೊಂದು ಅಪಾಯ

ಬಾಗಿಲ ಬೀಗಕ್ಕೂ ಪೆಟ್ಟಿಗೆಯ ಬೀಗಕ್ಕೂ ಇರುವ ಅಂತರ ಇನ್ನೊಂದು ಕಡೆಯಿಂದಲೂ ಗೋಚರಿಸುತ್ತದೆ. ಬಾಗಿಲ ಗುಪ್ತಪದ ಮರೆತರೆ ದುರಸ್ತಿಗಾರನು ಹೇಗಾದರೂ ಮಾಡಿ ಒಳಗೆ ಬಿಡಬಲ್ಲನು. ಅವನು ಬಿಡಬಲ್ಲನೆಂಬುದೇ ಆ ಬೀಗದ ದೌರ್ಬಲ್ಯಕ್ಕೆ ಸಾಕ್ಷಿ. ಪೆಟ್ಟಿಗೆಯ ಗುಪ್ತಪದ ಮರೆತರೆ ಯಾವ ದುರಸ್ತಿಗಾರನೂ, ಯಂತ್ರವನ್ನು ತಯಾರಿಸಿದ ಕಂಪನಿಯೂ ಅದನ್ನು ತೆರೆಯಲಾರದು. ಬೀಗವು ಕಳ್ಳನನ್ನೂ ಮರೆತ ಒಡೆಯನನ್ನೂ ಒಂದೇ ದೃಷ್ಟಿಯಿಂದ ನೋಡುತ್ತದೆ. ಆದುದರಿಂದ ಗೂಢಲಿಪಿಯನ್ನು ಅಳವಡಿಸುವ ಮುನ್ನವೇ ಮರೆವಿಗೆ ಮದ್ದನ್ನು ಸಿದ್ಧಮಾಡಿಕೊಳ್ಳಬೇಕು.

ಮೊದಲನೆಯ ಮದ್ದು ಮರುಪ್ರಾಪ್ತಿಯ ಕೀಲಿಕೈ. ಬಿಟ್‌ಲಾಕರ್ ಅಳವಡಿಸುವಾಗ ಯಂತ್ರವು 48 ಅಂಕಿಗಳ ಒಂದು ಸಂಖ್ಯೆಯನ್ನು ಕೊಡುತ್ತದೆ. ಗುಪ್ತಪದ ಕೈಕೊಟ್ಟಾಗ, ಅಥವಾ ಯಂತ್ರದ ಭಾಗಗಳು ಬದಲಾದುದರಿಂದ ಅದು ಸಂಶಯಪಟ್ಟು ಬಾಗಿಲು ಮುಚ್ಚಿದಾಗ, ತೆರೆಯುವುದು ಈ ಸಂಖ್ಯೆಯೊಂದೇ. ಇದನ್ನು ಅದೇ ಲ್ಯಾಪ್‌ಟಾಪಿನಲ್ಲಿ ಇಡುವುದು ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಮುದ್ರೆ ಮಾಡಿ, ಸಂಸ್ಥೆಯ ತಿಜೋರಿಯಲ್ಲಿ ಇಡುವುದೇ ಉತ್ತಮ. ಅಂತರ್ಜಾಲದ ಮೂಲಕ ಬರುವ ಕಳ್ಳನು ತಿಜೋರಿಯಲ್ಲಿರುವ ಕಾಗದವನ್ನು ಓದಲಾರನು.

ಎರಡನೆಯ ಮದ್ದು ದಾಖಲೆಗಳ ಇನ್ನೊಂದು ಪ್ರತಿ. ಗುಪ್ತಪದವು ಮಾಹಿತಿ ಅನ್ಯರ ಪಾಲಾಗದಂತೆ ಕಾಯುತ್ತದೆಯೇ ಹೊರತು ಮಾಹಿತಿ ನಾಶವಾಗದಂತೆ ಕಾಯುವುದಿಲ್ಲ. ಡಿಸ್ಕ್ ಕೆಟ್ಟರೆ, ಯಂತ್ರ ನೀರಿಗೆ ಬಿದ್ದರೆ, ಕಳುವಾದರೆ, ಒಳಗಿದ್ದುದು ಹೋದಂತೆಯೇ. ಆದ್ದರಿಂದ ಪ್ರತ್ಯೇಕ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಬೇಕು, ಅದು ಬೇರೊಂದು ಸ್ಥಳದಲ್ಲಿರಬೇಕು, ಅದಕ್ಕೂ ಬೀಗವಿರಬೇಕು. ಅಮೆರಿಕದ ಪ್ರಸಂಗದಲ್ಲಿ ಲ್ಯಾಪ್‌ಟಾಪಿನೊಡನೆ ಕಳುವಾದುದು ಇಂಥ ಪ್ರತ್ಯೇಕ ಡಿಸ್ಕೇ ಎಂಬುದನ್ನು ಮರೆಯಬಾರದು.

ಮೂರನೆಯ ಮದ್ದು ಸಂಸ್ಥೆಯ ಶಿಸ್ತು. ಒಂದೇ ಗುಪ್ತಪದವನ್ನು ಕಚೇರಿಯವರೆಲ್ಲ ಬಳಸುವುದು, ಅದನ್ನು ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಬರೆಯುವುದು ಅನೇಕ ಕಡೆ ಕಂಡುಬರುವ ಸಂಗತಿ. ಕರ್ನಾಟಕದ ಶಾಲೆಗಳು ವಿದ್ಯಾರ್ಥಿಗಳ ವಿವರಗಳನ್ನು ದಾಖಲಿಸುವ ಎಸ್‌ಎಟಿಎಸ್ ವ್ಯವಸ್ಥೆಯ ಗುಪ್ತಪದಕ್ಕೂ ಇದೇ ಗತಿ ಒದಗುವುದುಂಟು. ಹತ್ತು ಜನರಿಗೆ ಗೊತ್ತಿರುವ ಗುಪ್ತಪದಕ್ಕೆ ಹೊಣೆಗಾರರೇ ಇರುವುದಿಲ್ಲ. ಅಂಕವೊಂದು ಬದಲಾದರೆ ನಿರಪರಾಧಿಯೂ ಸಂಶಯಕ್ಕೆ ಗುರಿಯಾಗುತ್ತಾನೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರುವುದು ಸಹೋದ್ಯೋಗಿಗಳ ಮೇಲಿನ ಅಪನಂಬಿಕೆಯ ಗುರುತಲ್ಲ, ಅವರ ಗೌರವದ ರಕ್ಷಣೆ. ವರ್ಗವಾಗಿಯೋ ನಿವೃತ್ತರಾಗಿಯೋ ಹೋಗುವವರು ಬೀರುವಿನ ಕೀಲಿಕೈಯನ್ನು ಒಪ್ಪಿಸುವಂತೆ, ಯಂತ್ರದ ಅಧಿಕಾರವನ್ನೂ ಬರಹದ ಮೂಲಕ ಒಪ್ಪಿಸಿಹೋಗುವ ಪದ್ಧತಿ ಬೆಳೆಯಬೇಕು. ಲ್ಯಾಪ್‌ಟಾಪಿನ ಗುಪ್ತಪದವನ್ನೇ ಬೇರೆ ಕಡೆಗಳಲ್ಲಿಯೂ ಬಳಸಬಾರದು. ಒಂದು ಕಡೆ ಸೋರಿದುದು ಎಲ್ಲ ಕಡೆಯ ಬಾಗಿಲನ್ನೂ ತೆರೆಯುತ್ತದೆ.

ಕಾನೂನಿನ ದೃಷ್ಟಿ

ಭಾರತದಲ್ಲಿ ಈ ವಿಷಯ ಕೇವಲ ಜಾಣ್ಮೆಯದಾಗಿ ಉಳಿದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ 2008ರ ತಿದ್ದುಪಡಿಯಿಂದ ಸೇರಿದ 66ಸಿ ಪ್ರಕರಣದ ಪ್ರಕಾರ, ಇನ್ನೊಬ್ಬರ ಗುಪ್ತಪದವನ್ನು ವಂಚನೆಯಿಂದ ಬಳಸುವುದು ಮೂರು ವರ್ಷಗಳವರೆಗಿನ ಕಾರಾವಾಸಕ್ಕೂ ಒಂದು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೂ ಗುರಿಪಡಿಸುವ ಅಪರಾಧ. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಅದರ ಮುಂದುವರಿಕೆಯಾಗಿ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹೊಣೆಗಳು ಹಂತಹಂತವಾಗಿ ಜಾರಿಗೆ ಬರುವಂತೆ ವ್ಯವಸ್ಥೆಯಾಗಿದೆ. ಅನ್ಯರ ವೈಯಕ್ತಿಕ ಮಾಹಿತಿಯನ್ನು ಇಟ್ಟುಕೊಂಡವರು ಅದರ ರಕ್ಷಣೆಗೆ ಸಮುಚಿತವಾದ ಕ್ರಮಗಳನ್ನು ಕೈಗೊಳ್ಳಬೇಕೆಂಬುದು ಈ ಕಾನೂನಿನ ವಿಧಿ. ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ವಿಶೇಷ ರಕ್ಷಣೆಯನ್ನೂ ಅದು ಒದಗಿಸಿದೆ. ಶಾಲೆಯ ಲ್ಯಾಪ್‌ಟಾಪಿನಲ್ಲಿರುವ ಮಾಹಿತಿಯ ಬಹುಭಾಗ ಇಂಥ ಮಕ್ಕಳದೇ ಅಲ್ಲವೆ?

ಉಪಸಂಹಾರ

ಒಟ್ಟಿನಲ್ಲಿ ಹೇಳಬೇಕೆಂದರೆ, ಪ್ರವೇಶದ ಗುಪ್ತಪದ ಅವಶ್ಯಕ, ಆದರೆ ಅದೊಂದೇ ಸಾಲದು. ಡಿಸ್ಕಿಗೆ ಗೂಢಲಿಪಿಯ ಬೀಗ, ಆ ಬೀಗಕ್ಕೆ ಉದ್ದವಾದ ಗುಪ್ತವಾಕ್ಯ, ಮರೆವಿಗೆ ಪ್ರತಿಯಾಗಿ ತಿಜೋರಿಯಲ್ಲಿ ಮರುಪ್ರಾಪ್ತಿಯ ಕೀಲಿಕೈ, ನಾಶಕ್ಕೆ ಪ್ರತಿಯಾಗಿ ಇನ್ನೊಂದು ಸ್ಥಳದಲ್ಲಿ ಇನ್ನೊಂದು ಪ್ರತಿ, ಹೊಣೆಗಾರಿಕೆಗಾಗಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ಈ ಐದೂ ಕೂಡಿದಾಗಲೇ ರಕ್ಷಣೆ ಪೂರ್ಣವಾಗುತ್ತದೆ. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಬಹುಪಾಲು ಸೌಲಭ್ಯ ಯಂತ್ರದೊಡನೆಯೇ ಬಂದಿದೆ. ಬೇಕಾಗಿರುವುದು ಒಂದು ದಿನದ ಬಿಡುವು ಮತ್ತು ಅದನ್ನು ಮಾಡಿಯೇ ತೀರಬೇಕೆಂಬ ಸಂಕಲ್ಪ.

ತಮ್ಮ ಮಗುವಿನ ಹೆಸರನ್ನು ಬರೆಸಲು ಬರುವ ತಾಯಿತಂದೆಗಳು ಕೇಳಿದ ವಿವರಗಳನ್ನೆಲ್ಲ ಮರುಮಾತಿಲ್ಲದೆ ಕೊಡುತ್ತಾರೆ. ಅವು ಎಲ್ಲಿ ಉಳಿಯುತ್ತವೆ, ಯಾರ ಕಣ್ಣಿಗೆ ಬೀಳುತ್ತವೆ ಎಂದು ಅವರು ಪ್ರಶ್ನಿಸುವುದಿಲ್ಲ. ಶಾಲೆಯ ಮೇಲಿನ ಭರವಸೆಯೇ ಅವರಿಗೆ ಸಾಕು. ದಾನಿಗಳ ನಡೆಯೂ ಇಂಥದೇ. ಪ್ರಶ್ನಿಸದೆ ಇಟ್ಟ ನಂಬಿಕೆಯನ್ನು ಕಾಯುವ ಹೊಣೆ ಇಟ್ಟವರಿಗಿಂತ ಪಡೆದವರ ಮೇಲೆಯೇ ಹೆಚ್ಚು. ಆ ಹೊಣೆಯನ್ನು ಅರಿತ ಸಂಸ್ಥೆಗೆ ಗುಪ್ತಪದವು ತಾಂತ್ರಿಕ ತೊಡಕಾಗಿ ಕಾಣದೆ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಒಂದು ನಿತ್ಯದ ಕಾಯಕವಾಗಿ ಕಾಣುತ್ತದೆ.